ಹಿಂದಿನ ಸಾಲಿನ ಗಂಟುಗಳು

ಗಂಟುಗಳನ್ನು ಬಿಸಿಲಿಗೆ ಹಾಕುವ ದಿನ ನನ್ನನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಹಬ್ಬದ ಬೆಳಗಿನ ಹಾಗೆ ತಾನಾಗಿಯೇ ಎಚ್ಚರವಾಗುತ್ತದೆ. ಈ ಚಳಿಗಾಲದಲ್ಲೂ ಹಾಗೇ ಆಯಿತು. ಹೊರಗೆ ಇನ್ನೂ ಮಬ್ಬಿತ್ತು. ನೀರು ಕಾಯಲಿಟ್ಟು, ಎರಡು ಡಬ್ಬಿಗಳಿಗೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿದೆ. ಅವ್ವ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ ಕೂತಿದ್ದಳು. ತಂಗಿ ಮಾತ್ರ ಚಾದರದೊಳಗೆ ಮುದುಡಿಕೊಂಡಿದ್ದಳು. ಅವಳ ಕಾಲು ಹಿಡಿದು ಎಳೆದೆ.

“ಏಳು, ಇವತ್ತ ಮಾಳಿಗಿ ಕೆಲಸ ಐತಿ.”

“ಬಿಸಲಽ ಬಿದ್ದಿಲ್ಲ. ಗಂಟು ಏನ್ ಇಬ್ಬನಿಗೆ ಹಾಕಾಕಿ ಏನ?”

“ಸಾಹೇಬ್ರು ನಿನ್ನೆ ಅಂದದ್ದು ಮರತ್ಯಾ?”

ಅಷ್ಟು ಅಂದದ್ದೇ ತಡ, ಚಾದರ ಒಂದು ಕಡೆ, ಅವಳು ಒಂದು ಕಡೆ.

ಸಾಹೇಬರು ಅಂದದ್ದು ಏನೆಂದು ಹೇಳುವ ಮೊದಲು ನಮ್ಮ ಕೆಲಸದ ಬಗ್ಗೆ ಹೇಳಬೇಕು. ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಕೆಲಸ ಧಾರವಾಡದಲ್ಲಿ. ಅಲ್ಲಿಯ ಒಂದು ಸರಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ನಾನು ಜವಾನರ ಕೆಲಸ ಮಾಡುತ್ತೇನೆ. ನಮ್ಮಪ್ಪನೂ ಅದೇ ಕೋಣೆಯಲ್ಲಿ ಜವಾನನಾಗಿದ್ದ. ನೌಕರಿಯಲ್ಲಿದ್ದಾಗಲೇ ತೀರಿಕೊಂಡ. ಅವನ ಜಾಗ ನನಗೆ ಬಂತು. ಹೊಲಗಳ ನಕಾಶೆ, ಅಳತೆಯ ಕಾಗದ ಎಲ್ಲವೂ ಆ ಕೋಣೆಯಲ್ಲಿವೆ. ಊರಿಗೊಂದು ಗಂಟು. ಕೆಂಪು ಅರಿವೆಯಲ್ಲಿ ಕಟ್ಟಿ, ಒಂದು ಬದಿಗೆ ಊರ ಹೆಸರಿನ ಚೀಟಿ ಹೊಲಿದಿರುತ್ತೇವೆ. ಕಬ್ಬಿಣದ ರ‍್ಯಾಕುಗಳಲ್ಲಿ ಹಿಂದೊಂದು ಸಾಲು, ಮುಂದೊಂದು ಸಾಲು ಇಡುತ್ತೇವೆ. ಮಳೆಗಾಲದಲ್ಲಿ ಕಲ್ಲಿನ ಗೋಡೆ ತೇವ ಕುಡಿಯುತ್ತದೆ, ಕಾಗದಕ್ಕೆ ಹುಳ ಬೀಳುತ್ತದೆ. ಅದಕ್ಕೇ ಚಳಿಗಾಲದ ಒಣ ಗಾಳಿ ಬೀಸತೊಡಗಿದ ಕೂಡಲೇ ಒಂದೊಂದೇ ರ‍್ಯಾಕಿನ ಗಂಟುಗಳನ್ನು ಮಾಳಿಗೆಗೆ, ಅಂದರೆ ಕಚೇರಿಯ ತಾರಸಿಗೆ, ಒಯ್ದು ಹರಡುತ್ತೇವೆ. ಯಾವ ಊರಿನ ಗಂಟು ಎಂದು ತಿಳಿಯಲಿ ಎಂದು ಚೀಟಿಯ ಮುಖ ಮೇಲೆ ಮಾಡಿ ಇಡುತ್ತೇವೆ. ಸಂಜೆ ಕಾಗದಗಳ ನಡುವೆ ಒಣ ಬೇವಿನೆಲೆ ಸೇರಿಸಿ ಕೆಳಗೆ ತರುತ್ತೇವೆ. ಉತ್ತರದ ಗೋಡೆಗೆ ತಾಗಿರುವ ರ‍್ಯಾಕುಗಳಿಗೆ ತೇವ ಹೆಚ್ಚು, ಅವು ಪ್ರತಿ ವರ್ಷ ಮೇಲೆ ಹೋಗುತ್ತವೆ. ಕಿಟಕಿ ಬದಿಯವು ವರ್ಷ ಬಿಟ್ಟು ವರ್ಷ.

ತಂಗಿ ಬಂದದ್ದು ಬೇರೆ ದಾರಿಯಿಂದ. ಈ ಕಾಗದಗಳಲ್ಲಿ ಹುಬ್ಬಳ್ಳಿ ತಾಲೂಕಿನವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಗುತ್ತಿಗೆಯ ಕೆಲಸ ನಮ್ಮ ಕಚೇರಿಯಲ್ಲಿ ನಡೆದಿತ್ತು. ಅದಕ್ಕೆ ಹುಡುಗಿಯರನ್ನು ತೆಗೆದುಕೊಂಡಾಗ ನಾನೇ ಅವಳ ಹೆಸರು ಹೇಳಿದ್ದೆ. ಅವಳು ಪಿಯುಸಿ ಪಾಸಾದವಳು. ಅದಕ್ಕೂ ಮೊದಲು ಸೀರೆ ಅಂಗಡಿ, ಟ್ಯೂಷನ್ ಕ್ಲಾಸಿನ ಕೌಂಟರು, ಔಷಧಿ ಅಂಗಡಿ ಎಲ್ಲ ನೋಡಿದ್ದಳು. ಎಲ್ಲಿಂದ ಬಂದರೂ ಸಂಜೆ ಮೋರೆ ಗಂಟು ಹಾಕಿಕೊಂಡೇ ಬರುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಯಾವ ಊರಿನ ನಕಾಶೆಯಲ್ಲಿ ಕೆರೆ ಎಷ್ಟು ಚಂದ ಬರೆದಿದ್ದಾರೆ, ಯಾವ ಕಾಗದ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ, ಅದೇ. “ನನಗ ಈ ಕೆಲಸ ಸೇರಿತವ್ವಾ,” ಎಂದು ಅವ್ವನಿಗೆ ಹೇಳಿದ್ದನ್ನು ನಾನು ಕೇಳಿದ್ದೆ.

ಆ ತಿಂಗಳ ಕೊನೆಗೆ ಗುತ್ತಿಗೆ ಮುಗಿಯುವುದಿತ್ತು. ಹುಡುಗಿಯರೆಲ್ಲ ಮನೆಗೆ. ಆದರೆ ಒಬ್ಬಳನ್ನು ದಾಖಲೆ ಕೋಣೆಯಲ್ಲೇ ಉಳಿಸಿಕೊಳ್ಳಲು ಮೇಲಿನಿಂದ ಒಪ್ಪಿಗೆ ಬಂದಿತ್ತು. ಹಿಂದಿನ ದಿನ ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದರು: “ಮಷಿನ್ ಯಾರರ ನಡಸ್ತಾರ. ನನಗ ಈ ಕೋಣಿ ತಿಳಕೊಂಡಾಕಿ ಬೇಕು. ಎಲ್ಲಿ ಏನೈತಿ, ಯಾಕೈತಿ ಅಂತ ಗೊತ್ತಿರಬೇಕು. ಈ ವಾರ ನೋಡಿ ಹೆಸರು ಕಳಸ್ತೇನಿ.”

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಗಾಜೆಲ್ಲ ಮಂಜು ಹಿಡಿದಿತ್ತು. ತಂಗಿ ಬೆರಳಿನಿಂದ ಅದನ್ನು ಒರೆಸುತ್ತ ನನ್ನ ಕಿವಿಯ ಹತ್ತಿರ ಬಂದು, “ಆಕಿ ನಾನಽ ಆಗ್ತೇನಿ ನೋಡಕ್ಕಾ,” ಎಂದಳು. ನನಗೆ ಮೈ ಜುಂ ಎಂದಿತು. ಇಬ್ಬರೂ ದಿನಾ ಒಂದೇ ಬಸ್ಸು, ಒಂದೇ ಕೋಣೆ! ನಾನು ಅವಳ ಕೈ ಹಿಸುಕಿದೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಅಷ್ಟನ್ನು ನಂಬಬಹುದು.

ಕಚೇರಿ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಎಂಥಾ ಬಿಸಿಲು! ಬಿಸಿಲಿದ್ದೂ ಚಳಿ, ಚಳಿಯಿದ್ದೂ ಬೆವರು. ಉತ್ತರದ ಗೋಡೆಯ ರ‍್ಯಾಕನ್ನು ಖಾಲಿ ಮಾಡುತ್ತ ನಾವಿಬ್ಬರೂ ಮೆಟ್ಟಿಲು ಹತ್ತಿ ಇಳಿದೆವು. ಸೆರಗು ಸೊಂಟಕ್ಕೆ ಸಿಗಿಸಿ, ಗಂಟನ್ನು ಎದೆಗೆ ಅವಚಿಕೊಂಡು ಹತ್ತುವುದು; ಇಳಿಯುವಾಗ ಕೈ ಬೀಸಿಕೊಂಡು ಓಡುವುದು. ಯಾರು ಮೊದಲು ಎಂದು ಅವಳು ನನ್ನನ್ನು ರೇಗಿಸುತ್ತಿದ್ದಳು. ಮೆಟ್ಟಿಲ ಬುಡದಲ್ಲೇ ನಮ್ಮ ಗುಮಾಸ್ತರ ಮೇಜು. ಅವರು ಧಾರವಾಡದ ಮಾಳಮಡ್ಡಿ ಓಣಿಯವರು, ನಿವೃತ್ತಿಗೆ ಹತ್ತಿರ ಬಂದವರು. ಅಪ್ಪನ ಕಾಲದಿಂದ ಇದ್ದವರಾದ್ದರಿಂದ ನಾವು ಅವರಿಗೆ ಕಾಕಾ ಎನ್ನುತ್ತೇವೆ. ಚಳಿಗೆ ಮಫ್ಲರ್ ಸುತ್ತಿಕೊಂಡು ಕಣ್ಣಷ್ಟೇ ಹೊರಗೆ ಬಿಟ್ಟುಕೊಂಡಿದ್ದರು.

“ಏನವಾ, ನೀವು ಗಂಟು ಏರಸ್ಲಿಕ್ಕತ್ತೀರೋ, ಕುಂಟಾಬಿಲ್ಲೆ ಆಡ್ಲಿಕ್ಕತ್ತೀರೋ?”

“ನೀವೂ ಎರಡು ಗಂಟು ಹೊತ್ತರ ಚಳಿ ಹಾರಿ ಹೋಗತೈತ್ರಿ ಕಾಕಾ,” ಎಂದು ತಂಗಿ ಅಂದಳು.

“ನಾ ಹೊತ್ತರ ಜೀವಽ ಹಾರಿ ಹೋಗ್ತದ. ಹೋಗು, ಹೋಗು.”

ಮಾಳಿಗೆಯ ತುಂಬ ಗಂಟು ಹರಡಿ ಮುಗಿಸಿ, ನಾನು ಊರುಗಳ ಹೆಸರು ಕೂಗುತ್ತ ಬಂದೆ. ನಾನು ಓದಿದ್ದು ಏಳನೆಯ ತರಗತಿ. ಅವ್ವ ಹಾಸಿಗೆ ಹಿಡಿದ ವರ್ಷ ನನ್ನನ್ನು ಸಾಲೆ ಬಿಡಿಸಿದರು. ತಂಗಿ ಸಣ್ಣವಳು, ಅವಳು ಓದಲಿ ಎಂದರು. ಆದರೂ ಆ ಚೀಟಿಗಳನ್ನು ನಾನು ಓದುವುದು ಯಾರಿಗೂ ಕಡಿಮೆಯಿಲ್ಲದ ಹಾಗೆ. ಕೂಗುತ್ತ ಕೂಗುತ್ತ ಒಂದು ಕಡೆ ನಿಂತೆ. ಮತ್ತೆ ಮೊದಲಿನಿಂದ ನೋಡಿದೆ. ಸುಳ್ಳ ಎಂಬ ಊರಿನ ಗಂಟು ಇರಲಿಲ್ಲ.

ಹುಬ್ಬಳ್ಳಿ ತಾಲೂಕಿನಲ್ಲಿ ಎಲ್ಲ ಊರುಗಳದೂ ಕಂಪ್ಯೂಟರಿಗೆ ಏರಿ ಮುಗಿದು, ಕೊನೆಗೆ ಉಳಿದದ್ದು ಈ ರ‍್ಯಾಕಿನ ಕೆಲವೇ ಊರುಗಳು. ಅದರಲ್ಲಿ ಸುಳ್ಳ ಒಂದು. ಸುದ್ದಿ ಸಾಹೇಬರಿಗೆ ಹೋಯಿತು. ಅವರು ತಾವೇ ಬಂದರು. ಸಿಟ್ಟು ಮಾಡುವವರಲ್ಲ, ಕೈ ಹಿಂದೆ ಕಟ್ಟಿಕೊಂಡು ಖಾಲಿ ರ‍್ಯಾಕಿನ ಮುಂದೆ ನಿಂತು, “ಗಂಟಿಗೆ ಕಾಲಿಲ್ಲ. ಇದಽ ಕೋಣ್ಯಾಗ ಇರಬೇಕು. ಮಷಿನ್ ಬಂದ್ ಮಾಡ್ರಿ, ಎಲ್ಲಾರೂ ಹುಡುಕ್ರಿ. ಸಂಜೀ ಒಳಗ ಸಿಗಬೇಕು,” ಎಂದರು.

ಆಮೇಲೆ ಆದದ್ದು ಒಂದು ಜಾತ್ರೆ ಅನ್ನಬೇಕು. ಯಂತ್ರಗಳ ಮುಂದೆ ದಿನವಿಡೀ ಕೂತು ಬೆನ್ನು ಸೆಡೆದ ಹುಡುಗಿಯರು ಹೋ ಎಂದು ಒಳಗೆ ನುಗ್ಗಿದರು. ಒಬ್ಬಳು ಏಣಿ ಹತ್ತಿದಳು, ಇಬ್ಬರು ಏಣಿ ಹಿಡಿದರು. ಧೂಳಿಗೆ ಸೀನು, ಸೀನಿಗೆ ನಗು. ಕಾಕಾ ಬಾಗಿಲಲ್ಲಿ ನಿಂತು ಘೋಷಣೆ ಮಾಡಿದರು: “ಯಾರಿಗೆ ಸಿಗ್ತದೋ ಅವರ ಹೆಸರ್ಲೆ ಎಲ್ಲಾರಿಗೂ ಮಿರ್ಚಿ ಭಜಿ. ಖರ್ಚು ನಂದು!”

“ಕಾಕಾ, ಮಾತು ಬದಲಸಂಗಿಲ್ಲ ಮತ್ತ!”

“ಮಾಳಮಡ್ಡಿ ಮಂದಿ ಮಾತು ಬದಲಸೂದಿಲ್ಲವಾ. ಭಜಿ ಸಣ್ಣವು ತರ್ತೇವಿ, ಅಷ್ಟಽ.”

ಎಲ್ಲಿ ನೋಡಬೇಕು, ಎಲ್ಲಿ ಬೇಡ ಎಂದು ಹೇಳುವವಳು ನಾನೇ ಆಗಿದ್ದೆ. ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನನಗೂ ಉಬ್ಬು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಕಿಟಕಿ ಬದಿಯ ರ‍್ಯಾಕು ಬಂದಾಗ, “ಅದು ಬ್ಯಾರೆ ತಾಲೂಕಿಂದು. ಹ್ವಾದ ವರ್ಷ ನಾನಽ ಚೀಟಿ ಓದಿ ಓದಿ ಹೊಂದಿಸೇನಿ. ಅಲ್ಲಿ ಹುಡುಕೂದು ಬ್ಯಾಡ,” ಎಂದೆ. ಯಾರೂ ಅದರ ಹತ್ತಿರ ಹೋಗಲಿಲ್ಲ.

ಊಟದ ಹೊತ್ತು ದಾಟಿತು. ಉಳಿದ ರ‍್ಯಾಕುಗಳೆಲ್ಲ ಮುಗಿದವು. ಹುಡುಗಿಯರು ಸೋತು ವರಾಂಡದ ಬಿಸಿಲಿಗೆ ಹೋಗಿ ಡಬ್ಬಿ ಬಿಚ್ಚಿದರು. ಕೋಣೆಯಲ್ಲಿ ನಾನು ಮತ್ತು ತಂಗಿ ಇಬ್ಬರೇ ಉಳಿದೆವು. ಅವಳು ಕಿಟಕಿ ಬದಿಯ ರ‍್ಯಾಕಿನ ಮುಂದೆ ಮೊಬೈಲಿನ ಬ್ಯಾಟರಿ ಹಚ್ಚಿಕೊಂಡು ನಿಂತಿದ್ದಳು. ಎರಡು ಗಂಟುಗಳ ನಡುವಿನ ಸಂದಿಯಲ್ಲಿ ಇಣುಕುತ್ತಿದ್ದಳು.

“ಅಕ್ಕಾ, ಇಲ್ಲಿ ಬಾ.”

“ಅಲ್ಲಿ ಇಲ್ಲ ಅಂದ್ನೆಲ್ಲ.”

“ಇಲ್ಲಿ ಬಾರಕ್ಕಾ. ಮುಂದಿನ ಸಾಲಿನ ಅರಿವಿ ನೋಡು, ಎಲ್ಲಾ ಗುಲಾಬಿ ಆಗ್ಯಾವ. ಹಿಂದಿನ ಸಾಲು ನೋಡು. ಹೊಸಾವ್ ಇದ್ದಂಗ ಕೆಂಪಗದಾವ. ಹಿಂದಿನವು ಏನ್ ಬಿಸಲಽ ಕಂಡಿಲ್ಲೇನು?”

ನಾನು ಇಣುಕಿದೆ. ಒಮ್ಮೆಲೇ ಎಲ್ಲ ತಿಳಿಯಿತು.

ಹರಡಿದಾಗಲೆಲ್ಲ ಚೀಟಿಯ ಮುಖವೇ ಬಿಸಿಲಿಗೆ ಇರುವುದರಿಂದ ಆ ಬದಿಯ ಅರಿವೆ ಬಣ್ಣ ಬಿಡುತ್ತದೆ. ಬೆನ್ನಿನ ಬದಿ ಕೆಂಪಗೇ ಉಳಿಯುತ್ತದೆ. ಹಿಂದಿನ ಸಾಲು ಕೆಂಪಗೆ ಕಾಣುತ್ತಿದೆ ಎಂದರೆ ಆ ಗಂಟುಗಳೆಲ್ಲ ನಮಗೆ ಬೆನ್ನು ಮಾಡಿ ಕೂತಿವೆ, ಚೀಟಿ ಗೋಡೆಯ ಕಡೆಗಿದೆ. ಹಾಗೆ ಇಟ್ಟವಳು ನಾನೇ. ಹೋದ ವರ್ಷ ಎರಡು ರ‍್ಯಾಕಿನ ಗಂಟುಗಳು ಒಟ್ಟಿಗೇ ಮಾಳಿಗೆಯ ಮೇಲಿದ್ದಾಗ ಇದ್ದಕ್ಕಿದ್ದಂತೆ ಮೋಡ ಕವಿದು ಹನಿ ಬಿದ್ದಿತ್ತು. ಕಚೇರಿಯ ಮಂದಿಯೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಗಂಟುಗಳನ್ನು ಕೈಯಿಂದ ಕೈಗೆ ದಾಟಿಸಿದ್ದರು. ರ‍್ಯಾಕಿನ ಹತ್ತಿರ ಕೊನೆಗೆ ನಿಂತವಳು ನಾನು. ನಾವೇ ಹೊತ್ತು ತಂದ ಗಂಟಿನ ಚೀಟಿ ನಮ್ಮ ಕಡೆಗೇ ಇರುತ್ತದೆ. ಎದುರಿಗೆ ನಿಂತವರು ಕೊಟ್ಟ ಗಂಟಿನ ಚೀಟಿ ಅವರ ಕಡೆಗಿರುತ್ತದೆ, ಅದನ್ನು ತಿರುಗಿಸಿ ಇಡಬೇಕು. ಹಿಂದಿನ ಸಾಲು ತುಂಬುವಾಗ ಆ ಗಡಿಬಿಡಿಯಲ್ಲಿ ನಾನು ತಿರುಗಿಸಲೂ ಇಲ್ಲ, ಓದಲೂ ಇಲ್ಲ. ಮುಂದಿನ ಸಾಲಿನ ಹೊತ್ತಿಗೆ ಹನಿ ನಿಂತಿತ್ತು. ಅದನ್ನು ಮಾತ್ರ ಚಂದಾಗಿ ಓದಿ ಓದಿ ಜೋಡಿಸಿದೆ. ಬಂದವರ ಕಣ್ಣಿಗೆ ಬೀಳುವುದು ಅದೇ ತಾನೆ. ಹಿಂದಿನದನ್ನು ನಾಳೆ ನೋಡೋಣ ಎಂದುಕೊಂಡೆ. ಆ ನಾಳೆ ಬರಲಿಲ್ಲ.

ತಂಗಿಗೆ ಇದು ಗೊತ್ತಿರಲಿಲ್ಲ, ಆಗ ಅವಳು ಇಲ್ಲಿ ಇರಲೇ ಇಲ್ಲ. ಅವಳು ಬರೀ ಬಣ್ಣ ನೋಡಿ ಹಿಡಿದಿದ್ದಳು. “ತೆಗಿ, ತೆಗಿ,” ಎಂದು ಕುಣಿಯುತ್ತಿದ್ದಳು. ಇಬ್ಬರೂ ಮುಂದಿನ ಗಂಟುಗಳನ್ನು ಇಳಿಸಿದೆವು. ಅವಳು ತೆಳ್ಳಗಿದ್ದಾಳೆ, ಭುಜದ ತನಕ ಕೈ ತೂರಿಸಿ ಹಿಂದಿನ ಒಂದು ಗಂಟನ್ನು ತಿರುಗಿಸಿದಳು. ಬೇರೆ ಊರು. ಮತ್ತೊಂದು. ಅದೂ ಬೇರೆ. ಮೂಲೆಯದನ್ನು ಎಳೆದಾಗ ಮೇಲಿನಿಂದ ಧೂಳಿನ ಹೆಂಟೆಯೇ ಅವಳ ಮುಖದ ಮೇಲೆ ಬಿತ್ತು. “ಯವ್ವಾ, ಕಣ್ಣು!” ಎಂದಳು. ಗಂಟು ಮಾತ್ರ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಅದನ್ನು ನನ್ನ ಕೈಗೆ ಕೊಟ್ಟಳು.

“ಓದಕ್ಕಾ, ಲಗೂ ಓದು.”

ಸುಳ್ಳ ಎಂದು ಬರೆದಿತ್ತು.

ನಾವಿಬ್ಬರೂ ಕಿರುಚಿದ್ದು ವರಾಂಡಕ್ಕೆ ಕೇಳಿತಂತೆ. ನನ್ನ ಕುತ್ತಿಗೆಗೆ ಜೋತುಬಿದ್ದು ಎರಡು ಸುತ್ತು ಹಾಕಿ, ಕಣ್ಣು ತೊಳೆದುಕೊಳ್ಳಲು ಅವಳು ಹಿತ್ತಲ ನಲ್ಲಿಯ ಕಡೆ ಓಡಿದಳು. ಕಾಕಾ ಬಾಗಿಲಲ್ಲಿ ಇಣುಕಿ, ಗಂಟು ನೋಡಿ, “ಭಲೇ! ನಿಲ್ಲು, ಸಾಹೇಬರಿಗೆ ಹೇಳ್ತೀನಿ,” ಎಂದು ಹೋದರು.

ಕೋಣೆಯಲ್ಲಿ ನಾನೊಬ್ಬಳೇ ಉಳಿದೆ. ನಾನು ಹೇಳಬೇಕಾದ್ದು ಇಲ್ಲಿದೆ.

ಸಾಹೇಬರ ಕೊಠಡಿ ವರಾಂಡದ ಆ ತುದಿಗೆ. ಅವರ ಬೂಟಿನ ಸಪ್ಪಳ ದೂರದಿಂದ ಕೇಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಇಳಿಸಿಟ್ಟ ಮುಂದಿನ ಸಾಲಿನ ಗಂಟುಗಳನ್ನು ಒಂದೊಂದಾಗಿ ಎತ್ತಿ, ಇದ್ದ ಜಾಗದಲ್ಲೇ ಇಟ್ಟುಬಿಟ್ಟೆ. ಹಿಂದಿನ ಸಾಲು ಮುಚ್ಚಿಹೋಯಿತು. ಆಮೇಲೆ ಸುಳ್ಳದ ಗಂಟನ್ನು ಎತ್ತಿ ಎದೆಗೆ ಹಿಡಿದುಕೊಂಡು ನಿಂತೆ.

ಸಾಹೇಬರು ಬಂದರು, ಹಿಂದೆ ಹುಡುಗಿಯರೆಲ್ಲ ಬಂದರು. “ಸಿಕ್ತಾ? ಶಾಬ್ಬಾಸ್! ಯಾರಿಗೆ ಸಿಕ್ತು?”

“ನನಗ್ರಿ. ಈ ರ‍್ಯಾಕಿನಾಗ ಸೇರಕೊಂಡಿತ್ರಿ. ಯಾಕೋ ಸಂಶೇ ಬಂತು, ನೋಡಿದ್ನಿ.”

ಎಲ್ಲರೂ ಚಪ್ಪಾಳೆ ಹೊಡೆದರು. ಆ ಸದ್ದಿನ ನಡುವೆ ತಂಗಿ ಒದ್ದೆ ಮುಖದಲ್ಲಿ ಬಾಗಿಲಿಗೆ ಬಂದು ನಿಂತಳು. ನನ್ನ ಮಾತು ಅವಳಿಗೆ ಕೇಳಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿ ಮುಗಿದ ಮೇಲೆ ಅವಳೂ ಚಪ್ಪಾಳೆ ಹೊಡೆದಳು.

ಸಾಹೇಬರು ಹುಡುಗಿಯರ ಕಡೆ ತಿರುಗಿ ನಗುತ್ತ, “ನೋಡ್ರಿ, ಕೋಣಿ ತಿಳಕೊಳ್ಳೂದು ಅಂದರ ಇದು. ನಿಮ್ಮೊಳಗ ಇಂಥಾಕಿ ಯಾರೂ ಕಾಣವಲ್ಲರು. ಇರಲಿ, ಟೈಪಿಂಗ್ ಛಲೋ ಇದ್ದಾಕೀನ್ನಽ ತಗೋಬೇಕಾಗತೈತಿ,” ಎಂದರು.

ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಕಾಕಾ ಮಾತಿಗೆ ತಪ್ಪಲಿಲ್ಲ. ಬಿಸಿ ಬಿಸಿ ಮಿರ್ಚಿ ಭಜಿ ತರಿಸಿದರು, ಸಣ್ಣವೇನೂ ಇರಲಿಲ್ಲ. ಇಳಿಬಿಸಿಲಿನ ಮಾಳಿಗೆಯಲ್ಲಿ ಗಂಟುಗಳ ನಡುವೆ ಕೂತು ಎಲ್ಲರೂ ತಿಂದೆವು. ಖಾರಕ್ಕೆ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ನನ್ನ ಹೆಸರಿನ ಭಜಿ ಎಂದು ಮೊದಲನೆಯದನ್ನು ನನ್ನ ಬಾಯಿಗೆ ತುರುಕಿದವಳು ತಂಗಿಯೇ. ಅವಳು ನಗುತ್ತಿದ್ದಳು, ಎಲ್ಲರನ್ನೂ ನಗಿಸುತ್ತಿದ್ದಳು. ಗಂಟುಗಳನ್ನು ಇಳಿಸುವಾಗ ಮತ್ತೆ ಓಟ. ಇಷ್ಟೆಲ್ಲ ಹೇಳಬಾರದೇನೋ, ಆದರೆ ಆ ಸಂಜೆ ನನಗೆ ಬಹಳ ಸಂತೋಷವಾಗಿತ್ತು. ತಪ್ಪು ಮಾಡಿದೆನೆಂದು ಗೊತ್ತಿದ್ದೂ ಸಂತೋಷವಾಗಿತ್ತು. ಸಾಹೇಬರ ಶಾಬ್ಬಾಸ್ ಕಿವಿಯೊಳಗೆ ಕುಣಿಯುತ್ತಲೇ ಇತ್ತು.

ಬಸ್ಸಿನಲ್ಲಿ ಕೂತ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತ ಕೇಳಿದಳು.

“ಹುರುಪಿನಾಗ ಬಾಯಿಗೆ ಬಂದ್ಬಿಡ್ತೇನಕ್ಕಾ?”

“ಹೂಂ,” ಎಂದೆ. “ಕೈಯಾಗ ಗಂಟಿತ್ತು ನೋಡು. ಯಾರಿಗೆ ಸಿಕ್ತು ಅಂದ್ರು. ಹಂಗಽ ಬಂದ್ಬಿಡ್ತು.”

“ಬರತೈತಿ. ನನಗೂ ಬರತಿತ್ತು,” ಎಂದಳು. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಹುಬ್ಬಳ್ಳಿ ಬರುವತನಕ ನಿದ್ದೆ ಮಾಡಿದಳು.

ಅವಳು ನಂಬಿದಳು. ಹುರುಪಿನಲ್ಲಿ ಇದ್ದವಳ ಬಾಯಿ ಜಾರಬಹುದು. ಗಂಟುಗಳನ್ನು ಎತ್ತಿ ಮೊದಲಿನ ಹಾಗೆ ಇಡುವುದಕ್ಕೆ ಕೈಗೆ ಲೆಕ್ಕ ಬೇಕು. ನನಗೆ ನನ್ನ ತಪ್ಪು ಹೊರಗೆ ಬೀಳುವುದು ಬೇಡವಾಗಿತ್ತು. ಅಷ್ಟೇ ಆಗಿದ್ದರೆ ಹೇಗೋ ಹೇಳಿಕೊಳ್ಳಬಹುದಿತ್ತು. ಅದರ ಕೆಳಗೆ ಇನ್ನೊಂದಿತ್ತು. ನನ್ನ ಸಾಲೆ ಬಿಡಿಸಿ ಅವಳನ್ನು ಓದಿಸಿದರು. ಅಕ್ಕ ಎಷ್ಟು ತ್ಯಾಗ ಮಾಡಿದಳು ಎಂದು ಬಂಧುಬಳಗದವರೆಲ್ಲ ಹೇಳುತ್ತಾರೆ. ನಾನು ತ್ಯಾಗ ಮಾಡಲಿಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲ. ಆ ಕೋಣೆ ಒಂದೇ ನನ್ನದು ಅನ್ನುವಂಥದ್ದು. ಅಲ್ಲಿ ನನಗೆ ಕಾಣದ್ದು ಅವಳಿಗೆ ಕಂಡಿತು. ನಿನ್ನೆ ಮೊನ್ನೆ ಬಂದವಳಿಗೆ. ಬೂಟಿನ ಸಪ್ಪಳ ಕೇಳುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಅದು: ಇವಳು ಇಲ್ಲೇ ಉಳಿದರೆ ಇನ್ನು ಮೇಲೆ ಮಂದಿ ಅವಳನ್ನೇ ಕೇಳುತ್ತಾರೆ.

ಎರಡು ದಿನ ಬಿಟ್ಟು ಸಾಹೇಬರು ಬೇರೆ ಹುಡುಗಿಯ ಹೆಸರು ಹೇಳಿದರು. ಟೈಪಿಂಗಿನಲ್ಲಿ ಬಹಳ ಚುರುಕಾದ ಹುಡುಗಿ, ಒಳ್ಳೆಯವಳು. ತಂಗಿ ಅವಳ ಕೈ ಕುಲುಕಿದಳು. ಆಮೇಲೆ ಹಿತ್ತಲ ನಲ್ಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆಯುತ್ತ ನಿಂತಳು. ನಾನು ಅದನ್ನು ಕಿಟಕಿಯಿಂದ ನೋಡಿದೆ. ನನ್ನಿಂದ ತಡೆಯಲಾಗಲಿಲ್ಲ. ನೇರ ಸಾಹೇಬರ ಕೊಠಡಿಗೆ ಹೋದೆ.

“ಸಾಹೇಬ್ರ, ಅವತ್ತ ಸುಳ್ಳದ ಗಂಟು ಸಿಕ್ಕಿದ್ದು ನನಗಲ್ರಿ. ನನ್ನ ತಂಗಿಗ್ರಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮುಖ ಮೆತ್ತಗಾಯಿತು.

“ಯವ್ವಾ, ನಿನ್ನ ಸಂಕಟ ನನಗ ತಿಳೀತೈತಿ. ತಂಗೀ ಸಲುವಾಗಿ ಅಕ್ಕ ಇಷ್ಟು ಮಾಡ್ತಾಳ ಅಂದರ ದೊಡ್ಡ ಮಾತು. ಆದರ ಗಂಟು ಹಿಡಕೊಂಡು ನಿಂತಾಕಿ ನೀನು. ನಾ ಕಣ್ಣಾರೆ ನೋಡೇನಿ.”

“ಖರೇನ್ರಿ ಸಾಹೇಬ್ರ. ಆಕೀನಽ ಕಂಡು ಹಿಡದಾಕಿ.”

“ಹೆಂಗ ಕಂಡು ಹಿಡದ್ಳು ಹೇಳು ಮತ್ತ?”

ಒಂದೇ ಒಂದು ಮಾತು ಸಾಕಿತ್ತು. ಬರ್ರಿ ಸಾಹೇಬ್ರ, ಹಿಂದಿನ ಸಾಲು ತೋರಸ್ತೇನಿ, ಅನ್ನಬೇಕಿತ್ತು. ಎದ್ದು ಬಂದು ನೋಡಿದ್ದರೆ ಅವರಿಗೆ ತಿಳಿಯುತ್ತಿತ್ತು. ಜೊತೆಗೆ ಅದನ್ನು ಹಾಗೆ ಇಟ್ಟವರು ಯಾರು ಎಂದೂ ಕೇಳುತ್ತಿದ್ದರು. “ಹಂಗಽ... ನೋಡಿದ್ಳ್ರಿ,” ಎಂದೆ.

ಸಾಹೇಬರು ನಕ್ಕು, “ಹೋಗವ್ವಾ. ನಿನ್ನಂಥಾ ಅಕ್ಕ ಸಿಗೂದು ಪುಣ್ಯಾ,” ಎಂದರು.

ಸಂಜೆಯೊಳಗೆ ಆ ಮಾತು ಇಡೀ ಕಚೇರಿಗೆ ಹಬ್ಬಿತು. ಅಕ್ಕ ತಂಗಿಯ ಸಲುವಾಗಿ ತನ್ನ ಹೆಸರು ಬಿಟ್ಟುಕೊಡಲು ಹೋಗಿದ್ದಳಂತೆ. ಕಾಕಾ ತಮ್ಮ ಮೇಜಿನಿಂದ ಎದ್ದು ಬಂದು, “ನಿಮ್ಮಪ್ಪ ಇರಬೇಕಾಗಿತ್ತು ಇವತ್ತ,” ಎಂದು ಕಣ್ಣು ಒರೆಸಿಕೊಂಡರು. ನಾನು ನೆಲ ನೋಡುತ್ತ ನಿಂತೆ. ಅದನ್ನೂ ಅವರು ಸಂಕೋಚ ಎಂದುಕೊಂಡರು.

ಗುತ್ತಿಗೆಯ ಕೊನೆಯ ದಿನ ಎಲ್ಲ ಹುಡುಗಿಯರೂ ಯಂತ್ರಗಳನ್ನು ಡಬ್ಬಿಗೆ ತುಂಬಿ, ಫೋಟೋ ತೆಗೆಸಿಕೊಳ್ಳುತ್ತ ಗದ್ದಲ ಹಾಕುತ್ತಿದ್ದರು. ತಂಗಿ ಮಾತ್ರ ದಾಖಲೆ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಸೆರಗು ಸೊಂಟಕ್ಕೆ ಸಿಗಿಸಿ ನೇರ ಕಿಟಕಿ ಬದಿಯ ರ‍್ಯಾಕಿಗೆ ಹೋದಳು.

“ಬಾರಕ್ಕಾ, ಲಗೂ. ನಾಳೆ ಆಕಿ ಬರ್ತಾಳ. ಆಕಿ ಶಾಣ್ಯಾ ಅದಾಳ, ನೋಡಿದ್ಳಂದ್ರ ಹಿಡೀತಾಳ. ಅಷ್ಟರಾಗ ಈ ಹಿಂದಿನ ಸಾಲು ತಿರುವಿ ಇಟ್ಟಬಿಡೂಣು.”

ನಾನು ಹೋದ ವರ್ಷದ ಹನಿಯ ಸುದ್ದಿ ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಯಾರು ಹೇಳಿದರೋ, ತಾನೇ ತಿಳಿದುಕೊಂಡಳೋ ಗೊತ್ತಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ. ಹುರುಪಿನಲ್ಲಿ ಬಾಯಿಗೆ ಬಂತು ಎಂದದ್ದನ್ನು ಇನ್ನೂ ನಂಬಿದ್ದಾಳೋ ಇಲ್ಲವೋ, ಅದೂ ತಿಳಿಯಲಿಲ್ಲ.

“ಸಾಹೇಬ್ರಿಗೆ ತೋರಿಸಿದ್ರ...” ಎಂದು ನಾನು ಶುರು ಮಾಡಿದೆ.

“ತೋರಿಸಿದ್ರ ನಿನ್ನ ನೌಕರಿಗೆ ಬರತೈತಿ. ಸುಮ್ನ ಕೊಡು ಇತ್ತಾಗ.”

ನೌಕರಿಗೇನೂ ಬರುತ್ತಿರಲಿಲ್ಲ. ಹೆಚ್ಚೆಂದರೆ ನಾಲ್ಕು ಮಾತು ಬೈಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಮುಂದಿನ ಸಾಲನ್ನು ಇಳಿಸಿದೆ. ಹಿಂದಿನ ಗಂಟುಗಳನ್ನು ಒಂದೊಂದಾಗಿ ಎಳೆದು ಅವಳ ಕೈಗೆ ಕೊಟ್ಟೆ. ಅವಳು ಚೀಟಿ ಓದಿ, ಒರೆಸಿ, ಮುಖ ಮುಂದೆ ಮಾಡಿ ಇಡುತ್ತ ಹೋದಳು. ಊರಿನ ಹೆಸರನ್ನು ಜೋರಾಗಿ ಕೂಗುತ್ತಿದ್ದಳು, ನಾನು ಮಾಳಿಗೆಯ ಮೇಲೆ ಕೂಗುವ ಹಾಗೆಯೇ. ಹೊರಗೆ ಹುಡುಗಿಯರು ಫೋಟೋಕ್ಕೆ ಅವಳನ್ನು ಕರೆಯುತ್ತಿದ್ದರು. “ಬಂದ್ನಿ, ಬಂದ್ನಿ,” ಎಂದು ಕೂಗಿ ನನ್ನ ಕಡೆ ಕೈ ಚಾಚಿದಳು.

ಮೂಲೆಯಲ್ಲಿ ಒಂದೇ ಗಂಟು ಉಳಿದಿತ್ತು. ಅದನ್ನು ಹಾಗೇ ಬಿಡಬಹುದಿತ್ತು. ಒಂದು ಇದ್ದಿದ್ದರೂ ಸಾಹೇಬರಿಗೆ ತೋರಿಸಲು ಸಾಕಾಗುತ್ತಿತ್ತು. ನಾನೇ ಬಗ್ಗಿ, ಎಳೆದು, ಎತ್ತಿ ಅವಳ ಕೈಯಲ್ಲಿ ಇಟ್ಟೆ.